ರೇಡಿಯೇಟರ್ ಬದಲಾವಣೆ ಮತ್ತು ಇಂಜಿನ್ ಬಿಸಿಯ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಜಿನ್ ಬಿಸಿಯಾಗುತ್ತಿದೆ ಎಂದು ಬರೆಯುವವರಲ್ಲಿ ಬಹಳ ಮಂದಿ ಅಷ್ಟರಲ್ಲಾಗಲೇ ತೀರ್ಮಾನಕ್ಕೆ ಬಂದಿರುತ್ತಾರೆ: ರೇಡಿಯೇಟರ್ ಕೆಟ್ಟಿದೆ, ದೊಡ್ಡದೊಂದನ್ನು ಹಾಕಿಸಬೇಕು. ಕೆಲವೊಮ್ಮೆ ಅದು ಸರಿಯೂ ಆಗಿರುತ್ತದೆ. ಆದರೆ ಹೊಸ ರೇಡಿಯೇಟರ್ ಕೂರಿಸಿದ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೇ ಏರಿದ ಉದಾಹರಣೆಗಳು ಬೇಕಾದಷ್ಟಿವೆ, ಏಕೆಂದರೆ ದೋಷ ಇನ್ನೆಲ್ಲೋ ಇತ್ತು. ಹಾಗಾಗಿ ಯಾರೇ ಕೇಳಲಿ, ನಾನು ಮೊದಲು ಕೇಳುವುದು ಒಂದೇ: ಬಿಸಿ ಏರುವುದು ಯಾವಾಗ? ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ? ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಸುತ್ತಲೇ ಇವೆ.

## ಮೊದಲು ತಿಳಿದಿರಬೇಕಾದದ್ದು

ಇಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದಲ್ಲವೇ? ಹಾಗಿದ್ದರೆ ದೊಡ್ಡ ರೇಡಿಯೇಟರ್ ಹಾಕಿದರೆ ತಪ್ಪೇನು?

ಇಂಜಿನ್ ತಣ್ಣಗಿರಬಾರದು, ಒಂದೇ ಹದದ ಬಿಸಿಯಲ್ಲಿರಬೇಕು. ಹೆಚ್ಚಿನ ಕಾರುಗಳಲ್ಲಿ ಆ ಹದ ಸುಮಾರು 85ರಿಂದ 105 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗಿದ್ದರೆ ಆಯಿಲ್ ದಪ್ಪವಾಗಿಯೇ ಉಳಿಯುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ, ಸಿಲಿಂಡರ್ ಗೋಡೆ ಬೇಗ ಸವೆಯುತ್ತದೆ. ಹದ ಕಾಯುವುದು ರೇಡಿಯೇಟರ್ ಅಲ್ಲ, ಥರ್ಮೋಸ್ಟಾಟ್. ಅದರೊಳಗಿನ ಮೇಣ ಸಾಮಾನ್ಯವಾಗಿ 82ರಿಂದ 90 ಡಿಗ್ರಿಯಲ್ಲಿ ಕರಗಿ ಹಿಗ್ಗಿ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ಕೂಲಂಟ್ (ಇಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಹೊತ್ತೊಯ್ಯುವ ದ್ರವ) ಇಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಆದ್ದರಿಂದ ಸರಿಯಾದ ಥರ್ಮೋಸ್ಟಾಟ್ ಇದ್ದರೆ ದೊಡ್ಡ ರೇಡಿಯೇಟರ್ ಇಂಜಿನ್ನನ್ನು ಅತಿಯಾಗಿ ತಣ್ಣಗೆ ಮಾಡುವುದಿಲ್ಲ. ಭಾರ ಬಿದ್ದಾಗ ಕೈಯಲ್ಲಿ ಒಂದಿಷ್ಟು ಹೆಚ್ಚಿನ ಶಕ್ತಿ ಇಟ್ಟುಕೊಂಡಿರುತ್ತದೆ, ಅಷ್ಟೆ.

ಮುಳ್ಳು ಕೆಂಪಿಗೆ ಹೋಗಿದೆ, ರಸ್ತೆಯ ಮಧ್ಯದಲ್ಲಿದ್ದೇನೆ. ಏನು ಮಾಡಲಿ?

ಏಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೂ ಬ್ಲೋವರನ್ನು ಪೂರ್ತಿ ವೇಗಕ್ಕೂ ಇಟ್ಟು ಕಿಟಕಿ ಇಳಿಸಿ. ಹೀಟರಿನ ಕೋರ್ ಕೂಡ ಒಂದು ಚಿಕ್ಕ ರೇಡಿಯೇಟರೇ. ಸುರಕ್ಷಿತವಾದ ಜಾಗ ತಲುಪುವವರೆಗೆ ಅದು ಸ್ವಲ್ಪ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ ಇಂಜಿನ್ ಆರಿಸಿ. ಆವಿ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ.

ಬಿಸಿ ಇಂಜಿನ್ನಿನಲ್ಲಿ ರೇಡಿಯೇಟರ್ ಕ್ಯಾಪ್ ತೆರೆಯುವುದು ಈ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ಕೆಲಸ. ಒತ್ತಡದಲ್ಲಿದ್ದ ಕಾರಣಕ್ಕೆ ಕುದಿಯದೆ ಉಳಿದ ದ್ರವ, ಒತ್ತಡ ತಪ್ಪಿದ ಕ್ಷಣದಲ್ಲೇ ಕುದಿದು ಮುಖಕ್ಕೂ ಕೈಗೂ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡರೂ ರಕ್ಷಣೆ ಸಿಗುವುದಿಲ್ಲ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮೇಲಿನ ಹೋಸ್ ಮುಟ್ಟಿ ನೋಡಿ. ಅದು ಮೆತ್ತಗಾಗಿ, ಕೈ ಇಟ್ಟರೆ ಸುಡದಂತಾದ ಮೇಲೆ ಮಾತ್ರ ತೆರೆಯಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು.

ಕೂಲಂಟ್ ಬದಲು ಬರೀ ನೀರು ಹಾಕಿದರೆ ಏನಾಗುತ್ತದೆ? ನೀರೇ ಹೆಚ್ಚು ತಣ್ಣಗೆ ಮಾಡುತ್ತದೆ ಎನ್ನುತ್ತಾರೆ.

ಬಿಸಿ ಹೊರುವ ಶಕ್ತಿಯಲ್ಲಿ ನೀರು ನಿಜಕ್ಕೂ ಮುಂದು. ಆದರೆ ಕೂಲಂಟಿನ ಕೆಲಸ ಬಿಸಿ ಹೊರುವುದಷ್ಟೇ ಅಲ್ಲ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ, ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ, ಅವು ವಾಟರ್ ಪಂಪ್ ಮತ್ತು ಲೋಹದ ಒಳಮೈಯನ್ನು ಕಾಯುತ್ತವೆ. ಬರೀ ನೀರಿನಲ್ಲಿ ಅಲ್ಯೂಮಿನಿಯಂ ಕೊಳವೆ ಒಳಗಿನಿಂದಲೇ ತಿಂದುಹೋಗುತ್ತದೆ. ಗಡಸು ನೀರಾದರೆ ಸುಣ್ಣದ ಪದರ ಕೂತು ಕೊಳವೆಯ ದಾರಿಯನ್ನೇ ಕಿರಿದಾಗಿಸುತ್ತದೆ. ತುರ್ತಿನಲ್ಲಿ ನೀರು ಹಾಕಿ ಮನೆ ಸೇರುವುದು ತಪ್ಪಲ್ಲ. ಆಮೇಲೆ ಅದನ್ನು ಇಳಿಸಿ ಸರಿಯಾದ ಮಿಶ್ರಣ ತುಂಬದೆ ಬಿಡುವುದು ತಪ್ಪು.

ನೀರು ಬೆರೆಸದ ಗಟ್ಟಿ ಕೂಲಂಟನ್ನು ಹಾಗೇ ತುಂಬುವುದೂ ಸಲ್ಲದು. ಅದು ಬಿಸಿಯನ್ನು ಕಡಿಮೆ ಹೊರುತ್ತದೆ. ಡಬ್ಬಿಯ ಮೇಲೆ ಬೆರೆಸಿಯೇ ಕೊಟ್ಟದ್ದೋ ಅಲ್ಲವೋ ಎಂಬುದನ್ನು ಓದಿ, ಬೆರೆಸಬೇಕಾದರೆ ಡಿಸ್ಟಿಲ್ಡ್ ನೀರನ್ನೇ ಬಳಸಿ.

ಹಳೆಯದು ಹಸಿರು, ಅಂಗಡಿಯಲ್ಲಿ ಸಿಕ್ಕಿದ್ದು ಗುಲಾಬಿ. ಬೆರೆಸಬಹುದೇ?

ಬಣ್ಣ ನೋಡಿ ನಿರ್ಧರಿಸಬೇಡಿ. ಬಣ್ಣಕ್ಕೆ ಎಲ್ಲ ತಯಾರಕರಿಗೂ ಅನ್ವಯಿಸುವ ನಿಯಮವಿಲ್ಲ, ಒಂದೇ ಬಣ್ಣದ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಹೊಂದದ ಬಗೆಗಳನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಗ್ಗುತ್ತದೆ, ಕೆಲವೊಮ್ಮೆ ಒಳಗೆ ಲೋಳೆಯಂಥ ಗಸಿ ಕಟ್ಟುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೊಳ್ಳಿ. ಹೊಸ ರೇಡಿಯೇಟರ್ ಹಾಕುತ್ತಿದ್ದೀರಿ ಎಂದಾದರೆ ಹಳೆಯದನ್ನು ಪೂರ್ತಿ ತೊಳೆದು ತೆಗೆಯಲು ಅದಕ್ಕಿಂತ ಒಳ್ಳೆಯ ಸಮಯ ಬಾರದು.

ಕ್ಯಾಪ್ ಒಂದು ಮುಚ್ಚಳ ತಾನೆ? ಹೊಂದುವ ಯಾವುದಾದರೂ ಹಾಕಿದರೆ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಕ್ಯಾಪ್ ಒಂದು ಒತ್ತಡದ ವಾಲ್ವ್. ಅದು ಹಿಡಿದಿಡುವ ಒತ್ತಡದಿಂದಲೇ ಕುದಿಯುವ ಬಿಂದು ಮೇಲೇರುತ್ತದೆ: 1 ಬಾರ್ ಕ್ಯಾಪ್ ಇದ್ದರೆ ಬರೀ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯದು. ಸ್ಪ್ರಿಂಗ್ ಸಡಿಲವಾದ ಕ್ಯಾಪ್ ಆ ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ. ನಿಗದಿಗಿಂತ ಹೆಚ್ಚಿನ ಒತ್ತಡದ ಕ್ಯಾಪ್ ಹಾಕಿದರೆ ಹಳೆಯ ಹೋಸ್, ಪ್ಲಾಸ್ಟಿಕ್ ಟ್ಯಾಂಕ್, ಹೀಟರ್ ಕೋರ್ ಇವುಗಳಲ್ಲಿ ಯಾವುದು ದುರ್ಬಲವೋ ಅದು ಒಡೆಯುತ್ತದೆ. ಹಳೆಯದರ ಮೇಲೆ ಅಚ್ಚಾಗಿರುವ ಅಂಕಿಯನ್ನೇ ನೋಡಿ ಹೊಸದನ್ನು ತನ್ನಿ.

## ಕೊಳ್ಳುವ ಮುನ್ನ

ದೋಷ ರೇಡಿಯೇಟರಿನಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಕೋರ್ (ಕೊಳವೆಗಳಿರುವ ನಡುಭಾಗ) ಸೇರುವ ಮಡಿಕೆಯ ಉದ್ದಕ್ಕೂ ಬೆರಳಾಡಿಸಿ. ಅಲ್ಲಿ ಒಣಗಿದ ಬಿಳಿ ಅಥವಾ ಕೂಲಂಟ್ ಬಣ್ಣದ ಕಲೆ ಕಂಡರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಸೋತಿದೆ ಎಂದರ್ಥ. ಫಿನ್‌ಗಳನ್ನು, ಅಂದರೆ ಕೊಳವೆಗಳ ನಡುವಿನ ತೆಳು ಲೋಹದ ಪಟ್ಟಿಗಳನ್ನು, ಉಗುರಿನಿಂದ ಮೆಲ್ಲಗೆ ತಾಗಿಸಿ. ಪುಡಿಪುಡಿಯಾಗಿ ಉದುರಿದರೆ ಕೋರ್ ಮುಗಿದಿದೆ. ಕ್ಯಾಪ್ ತೆರೆದಾಗ ಕೊಳವೆಗಳ ಬಾಯಲ್ಲಿ ಕೆಸರೋ ಸುಣ್ಣವೋ ಕಟ್ಟಿದ್ದರೆ ಒಳದಾರಿ ಮುಚ್ಚಿದೆ. ಇದ್ಯಾವುದೂ ಇಲ್ಲದಿದ್ದರೆ ಹಣ ಕೊಡುವ ಮುನ್ನ ಫ್ಯಾನ್, ಥರ್ಮೋಸ್ಟಾಟ್, ಕ್ಯಾಪ್, ಪಂಪ್ ಎಲ್ಲವನ್ನೂ ನೋಡಿ ಮುಗಿಸಿ.

ಒಂದು ಮಾತು ಗಮನದಲ್ಲಿರಲಿ: ಏಸಿ ಇರುವ ಕಾರಿನಲ್ಲಿ ಕಂಡೆನ್ಸರ್ (ಏಸಿಯ ಅನಿಲವನ್ನು ತಣಿಸುವ ಭಾಗ) ಮುಂದೆ, ರೇಡಿಯೇಟರ್ ಅದರ ಹಿಂದೆ ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಹುಳು, ಎಲೆ, ಧೂಳು ಸೇರಿ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಎಲ್ಲವೂ ಶುಚಿಯಾಗಿಯೇ ಕಾಣುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ಹದವಾದ ನೀರು ಹಾಯಿಸಿ ಅದನ್ನು ತೊಳೆದರೆ ಎಷ್ಟೋ ಕಾರುಗಳಿಗೆ ಹೊಸ ರೇಡಿಯೇಟರ್ ಬೇಕಾಗುವುದೇ ಇಲ್ಲ. ಹೆಚ್ಚಿನ ಒತ್ತಡದ ಪಂಪ್ ಬಳಸಬೇಡಿ, ಫಿನ್ ಮಲಗಿಬಿಡುತ್ತವೆ.

ತಾಮ್ರದ ರೇಡಿಯೇಟರೇ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ಅಲ್ಯೂಮಿನಿಯಂ ಕೊಳ್ಳಬೇಕೇ ಬೇಡವೇ?

ಲೋಹವಾಗಿ ನೋಡಿದರೆ ತಾಮ್ರ ಬಿಸಿಯನ್ನು ಹೆಚ್ಚು ಚುರುಕಾಗಿ ಸಾಗಿಸುತ್ತದೆ. ಆದರೆ ಹಳೆಯ ರೇಡಿಯೇಟರುಗಳಲ್ಲಿ ಕೊಳವೆಗಳು ಹಿತ್ತಾಳೆಯವು, ಫಿನ್ ತಾಮ್ರದವು, ನಡುವೆ ಸೀಸ ಬೆರೆತ ಬೆಸುಗೆ. ಹಿತ್ತಾಳೆಯೂ ಬೆಸುಗೆಯೂ ಬಿಸಿ ಸಾಗಿಸುವುದರಲ್ಲಿ ತಾಮ್ರಕ್ಕೆ ಸಮನಲ್ಲ. ಅಲ್ಯೂಮಿನಿಯಂ ಹಗುರ ಮತ್ತು ಗಟ್ಟಿ, ಆದ್ದರಿಂದ ಅಗಲವಾದ ಕೊಳವೆ ಮಾಡಬಹುದು, ಫಿನ್‌ಗೆ ತಾಗುವ ಮೈ ಹೆಚ್ಚುತ್ತದೆ. ದಿನಬಳಕೆಯ ಆಧುನಿಕ ಕಾರಿಗೆ ನಾನು ಅಲ್ಯೂಮಿನಿಯಂ ಕಡೆಗೇ ವಾಲುತ್ತೇನೆ. ಬಿಚ್ಚಿ ಬೆಸೆದು ರಿಪೇರಿ ಮಾಡಿಕೊಳ್ಳುವ ಅನುಕೂಲ ಬೇಕಾದ ಹಳೆಯ ಗಾಡಿಗೆ ತಾಮ್ರ-ಹಿತ್ತಾಳೆಯದೇ ಸೂಕ್ತ.

ಕೋರ್ ದಪ್ಪವಿದ್ದಷ್ಟೂ ಹೆಚ್ಚು ತಂಪು ತಾನೆ?

ಅಗಲ ಮತ್ತು ಎತ್ತರ ಹೆಚ್ಚಿದರೆ ಲಾಭ ನೇರ. ದಪ್ಪ ಹೆಚ್ಚಿದರೆ ಹಾಗಲ್ಲ. ಗಾಳಿ ಕೋರ್‌ನ ಮುಂಭಾಗ ದಾಟುವಷ್ಟರಲ್ಲೇ ಬಿಸಿಯಾಗಿರುತ್ತದೆ, ಹಿಂದಿನ ಸಾಲಿನ ಕೊಳವೆಗಳಿಗೆ ಸಿಗುವುದು ಆ ಬಿಸಿ ಗಾಳಿಯೇ. ಜೊತೆಗೆ ದಪ್ಪ ಕೋರ್ ಮೂಲಕ ಗಾಳಿ ಎಳೆಯಲು ಫ್ಯಾನ್ ಹೆಚ್ಚು ತ್ರಾಸಪಡಬೇಕು. ಮೂಲ ಫ್ಯಾನನ್ನೇ ಉಳಿಸಿಕೊಂಡು ದಪ್ಪ ಕೋರ್ ಹಾಕಿದವರ ಕಾರು ಹೆದ್ದಾರಿಯಲ್ಲಿ ತಣ್ಣಗಿದ್ದು ಟ್ರಾಫಿಕ್‌ನಲ್ಲಿ ಮೊದಲಿಗಿಂತ ಬೇಗ ಕಾಯುವುದಕ್ಕೆ ಇದೇ ಕಾರಣ.

ಪೆಟ್ಟಿಗೆ ಬಂದಿದೆ. ಹಳೆಯದನ್ನು ಬಿಚ್ಚುವ ಮೊದಲು ಏನೇನು ನೋಡಲಿ?

ಹೋಸ್ ಕೂರುವ ಬಾಯಿಗಳ ಹೊರವ್ಯಾಸ, ಅವುಗಳ ದಿಕ್ಕು, ಕೆಳಗಿನ ಗೂಟಗಳ ನಡುವಿನ ಅಂತರ, ಫ್ಯಾನ್ ಬೋಲ್ಟಿನ ಜಾಗ, ಸೆನ್ಸರ್ ತೂತಿನ ಥ್ರೆಡ್, ಕೋರ್ ದಪ್ಪ ಇವಿಷ್ಟನ್ನು ಅಳೆದು ನೋಡಿ. ಬಾಯಿಗಳಿಗೆ ಸಾಗಣೆಗೆಂದು ಹಾಕಿದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗೆ ಇಣುಕಿ, ಲೋಹದ ಚೂರು ಇದ್ದರೆ ಶುದ್ಧ ನೀರಿನಿಂದ ತೊಳೆಯಿರಿ. ಆಫ್ಟರ್‌ಮಾರ್ಕೆಟ್ (ಕಾರು ಕಂಪನಿಯದಲ್ಲದ) ಘಟಕದ ಡ್ರೈನ್ ಪ್ಲಗ್ ಸಡಿಲವಾಗಿಯೇ ಬಂದಿರುವುದು ಸಾಮಾನ್ಯ, ಅದರ ವಾಷರ್ ಇದೆಯೇ ನೋಡಿ.

## ಕೂರಿಸುವಾಗ

ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ?

ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಹೆಚ್ಚಿನ ಕಾರುಗಳಲ್ಲಿ ಮಾಡಬಹುದು. ಇಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಕಳಚಿಡಿ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ. ಏಸಿ ಪೈಪ್ ಬಿಚ್ಚದೆ ರೇಡಿಯೇಟರ್ ಹೊರಬರುವುದಿಲ್ಲ ಎಂದಾದರೆ ಮಾತ್ರ ಅಲ್ಲಿಗೆ ನಿಲ್ಲಿಸಿ. ಆ ಅನಿಲವನ್ನು ಯಂತ್ರದಿಂದ ಹೀರಿ ತೆಗೆಯಬೇಕು, ಗಾಳಿಗೆ ಬಿಡುವಂತಿಲ್ಲ.

ಇಳಿಸಿದ ಕೂಲಂಟನ್ನು ತೆರೆದ ಬೋಗುಣಿಯಲ್ಲಿ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಅವುಗಳ ಮೂತ್ರಪಿಂಡ ಹಾಳಾಗಲು. ಮಕ್ಕಳ ಕೈಗೂ ಸಿಗಬಾರದು, ಚರಂಡಿಗೂ ಸುರಿಯಬಾರದು. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಬಳಸಿದ ದ್ರವ ಸ್ವೀಕರಿಸುವ ಕಡೆಗೆ ಕೊಡಿ.

ಬ್ರಾಕೆಟ್ ತೂತು ಸ್ವಲ್ಪವೇ ಹೊಂದುತ್ತಿಲ್ಲ. ಎಳೆದು ಬೋಲ್ಟ್ ಬಿಗಿದರೆ ಆಗುತ್ತದೆಯೇ?

ಆಗದು. ರೇಡಿಯೇಟರ್ ರಬ್ಬರ್ ಬುಷ್‌ಗಳ ಮೇಲೆ ಸ್ವಲ್ಪ ತೇಲುವಂತೆ ಕೂರಬೇಕು. ಬಿಸಿಯಾದಾಗ ಅದು ಹಿಗ್ಗುತ್ತದೆ, ರಸ್ತೆ ಕೆಟ್ಟಲ್ಲಿ ಕಾರಿನ ಚೌಕಟ್ಟು ತಿರುಚುತ್ತದೆ. ಎಳೆದು ಬಿಗಿದರೆ ಆ ಸೆಳೆತವೆಲ್ಲ ಕೊಳವೆ ಮತ್ತು ಟ್ಯಾಂಕ್ ಸೇರುವ ಮೂಲೆಗೆ ಹೋಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬ್ರಾಕೆಟ್ಟಿನ ತೂತನ್ನು ಅರದಿಂದ ಉದ್ದ ಮಾಡಿ, ರಬ್ಬರ್ ವಾಷರ್ ಇಟ್ಟು ಹೊಂದಿಸಿ. ಕೈಯಲ್ಲಿ ಅಲುಗಿಸಿದರೆ ರಬ್ಬರಿನಷ್ಟೇ ಅಲುಗಬೇಕು, ಲೋಹಕ್ಕೆ ಲೋಹ ತಾಗಬಾರದು.

ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಹೊಸ ರೇಡಿಯೇಟರಿಗೆ ಹೊಂದುತ್ತಿಲ್ಲ. ಬಿಟ್ಟುಬಿಡಲೇ?

ದಯವಿಟ್ಟು ಬಿಡಬೇಡಿ. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಕೋರ್‌ನಿಂದ ಮಾತ್ರ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆಗಳೂ ವ್ಯರ್ಥವಾಗುತ್ತವೆ. ರೇಡಿಯೇಟರಿನ ಅಂಚಿನಲ್ಲಿದ್ದ ಫೋಮ್ ಪಟ್ಟಿಗಳ ವಿಷಯವೂ ಅಷ್ಟೇ. ಹಳೆಯದನ್ನು ತೆಗೆಯುವಾಗ ಅವು ಹರಿದು ಬೀಳುತ್ತವೆ, ಹೊಸದಕ್ಕೆ ಯಾರೂ ಅಂಟಿಸುವುದಿಲ್ಲ. ಗಾಳಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಅಂಚಿನಲ್ಲಿ ಎರಡು ಬೆರಳಿನ ಸಂದಿ ಇದ್ದರೆ ಕೋರ್ ಬಿಟ್ಟು ಆ ಸಂದಿಯಲ್ಲೇ ನುಗ್ಗುತ್ತದೆ. ನಿಂತಾಗ ಅದೇ ಸಂದಿಯಿಂದ ಇಂಜಿನ್ ಕೋಣೆಯ ಬಿಸಿ ಗಾಳಿ ಮುಂದಕ್ಕೆ ಬಂದು ಮತ್ತೆ ಕೋರ್ ಒಳಗೆ ಹೋಗುತ್ತದೆ. ಹೆಚ್ಚು ಬೆಲೆಯ ರೇಡಿಯೇಟರ್ ಕೊಂಡು ಅಗ್ಗದ ಫೋಮ್ ಪಟ್ಟಿಯನ್ನು ಮರೆತ ಕೆಲಸ ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಆಟೋಮ್ಯಾಟಿಕ್ ಗೇರ್ ಕಾರಿಗೆ ಬೇರೆ ಎಚ್ಚರಿಕೆ ಇದೆಯೇ?

ಇದೆ. ಹಲವು ಕಾರುಗಳಲ್ಲಿ ಗೇರ್ ಆಯಿಲ್ ತಂಪಾಗುವುದು ರೇಡಿಯೇಟರ್ ಟ್ಯಾಂಕಿನೊಳಗಿನ ಚಿಕ್ಕ ಕೂಲರಿನಲ್ಲಿ. ಆ ಪೈಪ್ ಬಿಚ್ಚುವಾಗ, ಬಿಗಿಯುವಾಗ ಎರಡು ಸ್ಪ್ಯಾನರ್ ಬಳಸಿ: ಒಂದು ಟ್ಯಾಂಕ್ ಕಡೆಯ ಫಿಟಿಂಗನ್ನು ಹಿಡಿದಿರಲಿ, ಇನ್ನೊಂದು ನಟ್ ತಿರುಗಿಸಲಿ. ಇಲ್ಲದಿದ್ದರೆ ಒಳಗಿನ ಕೂಲರ್ ತಿರುಚಿ, ಆಯಿಲಿಗೆ ಕೂಲಂಟ್ ಬೆರೆತು ಗೇರ್‌ಬಾಕ್ಸೇ ಹಾಳಾಗುತ್ತದೆ. ಕೆಲಸ ಮುಗಿದ ಮೇಲೆ ಗೇರ್ ಆಯಿಲ್ ಮಟ್ಟವನ್ನೂ ನೋಡಬೇಕು.

ಕೂಲಂಟ್ ತುಂಬಿದೆ, ಆದರೂ ಹೀಟರಿನಲ್ಲಿ ತಣ್ಣನೆಯ ಗಾಳಿ ಬರುತ್ತಿದೆ, ಮುಳ್ಳು ಏರುತ್ತಿದೆ. ಏಕೆ?

ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆರೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಚಾಲೂ ಮಾಡಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಒಂದೇ ಸಮನಾಗಿ ದ್ರವ ಬರುವವರೆಗೆ ಬಿಡಿ. ಮೇಲಿನ ಹೋಸನ್ನು ಆಗಾಗ ಒತ್ತಿದರೆ ಸಿಕ್ಕಿಕೊಂಡ ಗುಳ್ಳೆ ಹೊರಬರುತ್ತವೆ. ಥರ್ಮೋಸ್ಟಾಟ್ ತೆರೆದ ಕ್ಷಣ ಬಾಯಲ್ಲಿನ ಮಟ್ಟ ಸರ್ರನೆ ಇಳಿಯುತ್ತದೆ. ಆಗ ತುಂಬಿ ಕ್ಯಾಪ್ ಹಾಕಿ. ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ, ಸ್ವಲ್ಪ ಇಳಿದಿರುವುದು ಸಹಜ.

## ದೋಷ ಹುಡುಕುವಾಗ

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯೇರುತ್ತದೆ, ಓಡತೊಡಗಿದರೆ ಇಳಿಯುತ್ತದೆ.

ಗಾಳಿಯ ಕೊರತೆ. ಓಡುವಾಗ ರಸ್ತೆಯ ಗಾಳಿಯೇ ಸಾಕಾಗುತ್ತದೆ, ನಿಂತಾಗ ಎಲ್ಲ ಭಾರ ಫ್ಯಾನಿನದು. ಏಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್, ಮೋಟಾರ್ ಎಂಬ ಕ್ರಮದಲ್ಲಿ ನೋಡಿ. ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಸೆನ್ಸರ್ ಅಥವಾ ಅದರ ತಂತಿಯನ್ನು ಅನುಮಾನಿಸಿ. ಹೊಸ ಫ್ಯಾನ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ತಂತಿ ಅದಲುಬದಲಾಗಿ ಅದು ಉಲ್ಟಾ ತಿರುಗುತ್ತಿರಬಹುದು. ಒಂದು ಹಾಳೆಯನ್ನು ಗ್ರಿಲ್ ಮುಂದೆ ಹಿಡಿಯಿರಿ, ಅದು ಒಳಕ್ಕೆ ಅಂಟಿಕೊಳ್ಳಬೇಕು.

ನನ್ನದು ತದ್ವಿರುದ್ಧ. ಪೇಟೆಯಲ್ಲಿ ಸರಿ, ಹೆದ್ದಾರಿಯಲ್ಲಿ ಮತ್ತು ಏರಿನಲ್ಲಿ ಕಾಯುತ್ತದೆ.

ಇಲ್ಲಿ ಫ್ಯಾನ್ ಬಿಟ್ಟುಬಿಡಿ, ಕೂಲಂಟ್ ಹರಿವನ್ನು ಹುಡುಕಿ. ಅರ್ಧ ಮುಚ್ಚಿದ ಕೊಳವೆಗಳು, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಜಾರುವ ಬೆಲ್ಟ್, ಬ್ಲೇಡ್ ಸವೆದ ವಾಟರ್ ಪಂಪ್ ಇವು ಸಾಮಾನ್ಯ ಕಾರಣಗಳು. ಕೆಳಗಿನ ಹೋಸನ್ನೂ ಮರೆಯಬೇಡಿ. ಅದು ಪಂಪ್ ಹೀರುವ ಕಡೆಯದು. ಮೆತ್ತಗಾಗಿದ್ದರೆ ಇಂಜಿನ್ ವೇಗ ಏರಿಸಿದಾಗ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ, ಆರಿಸಿದ ಕೂಡಲೇ ಮೊದಲಿನಂತಾಗುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಅದು ಕಾಣುವುದೇ ಇಲ್ಲ. ಬಾನೆಟ್ ತೆರೆದಿಟ್ಟು, ಕೈ ದೂರವಿಟ್ಟು, ಇನ್ನೊಬ್ಬರಿಂದ ಆಕ್ಸಿಲರೇಟರ್ ಒತ್ತಿಸಿ ನೋಡಬೇಕು.

ಥರ್ಮೋಸ್ಟಾಟ್ ತೆಗೆದು ಎಸೆಯಿರಿ, ಎಲ್ಲ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.

ಒಪ್ಪಬೇಡಿ. ಕೆಟ್ಟಿದ್ದರೆ ಹೊಸದು ಹಾಕಿಸಿ. ಅದಿಲ್ಲದ ಇಂಜಿನ್ ಹದಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಅದನ್ನು ದೋಷವೆಂದು ದಾಖಲಿಸುತ್ತದೆ, ಇಂಧನವೂ ಹೆಚ್ಚು ಸುಡುತ್ತದೆ. ತೆಗೆದಾಗ ಬಿಸಿ ಇಳಿದರೂ ನಿಜವಾದ ದೋಷ ಒಳಗೇ ಉಳಿದಿರಬಹುದು. ಹಳೆಯದನ್ನು ಪರೀಕ್ಷಿಸುವುದು ಸುಲಭ: ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆ ಅಚ್ಚಾದ ಡಿಗ್ರಿಯ ಹತ್ತಿರ ತೆರೆಯಲು ತೊಡಗಬೇಕು.

ಎಲ್ಲೂ ಸೋರುತ್ತಿಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಲೇ ಇದೆ.

ಮೊದಲು ಕೈಪಂಪಿನ ಪ್ರೆಶರ್ ಟೆಸ್ಟರ್ ಹಾಕಿಸಿ. ಕ್ಯಾಪ್ ಮೇಲಿರುವ ಅಂಕಿಯಷ್ಟು ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಟ್ಟರೆ ಇಳಿಯಬಾರದು. ಇಳಿದರೆ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ತುದಿಗಳು, ಪ್ರಯಾಣಿಕರ ಕಾಲಬಳಿಯ ಕಾರ್ಪೆಟ್ ನೋಡಿ. ಕಾರ್ಪೆಟ್ ಒದ್ದೆಯಿದ್ದು ಗಾಜಿನ ಒಳಗೆ ಸಿಹಿ ವಾಸನೆಯ ಮಬ್ಬು ಕಟ್ಟುತ್ತಿದ್ದರೆ ಹೀಟರ್ ಕೋರ್ ಸೋರುತ್ತಿದೆ.

ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಕಡೆಗೆ ತಿರುಗುತ್ತದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲಿನಂತಾಗುವುದು, ತಣ್ಣನೆಯ ಇಂಜಿನ್ ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಹೋಸ್ ಕಲ್ಲಿನಂತೆ ಬಿಗಿಯಾಗುವುದು ಇದರ ಲಕ್ಷಣಗಳು. ನೀಲಿ ದ್ರಾವಣದ ಪರೀಕ್ಷೆ ಬಹಳ ನಂಬಲರ್ಹ: ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆದಾಗ, ಇಂಜಿನ್ನಿನಲ್ಲಿ ಸುಟ್ಟ ಅನಿಲ ಅದರಲ್ಲಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹಾಗಾದರೆ ಯಾವ ರೇಡಿಯೇಟರ್ ಹಾಕಿದರೂ ಪ್ರಯೋಜನವಿಲ್ಲ.

ಸೋರಿಕೆ ಮುಚ್ಚುವ ಪುಡಿ ಹಾಕಬಹುದೇ?

ಗ್ಯಾರೇಜ್ ಬಹಳ ದೂರವಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಸೋರುವ ತೂತು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹೊಸ ರೇಡಿಯೇಟರಿಗೆ ಖಂಡಿತ ಬೇಡ.

## ಇನ್ನೂ ಆಳಕ್ಕೆ ಹೋಗುವವರಿಗೆ

ಇನ್ಫ್ರಾರೆಡ್ ಥರ್ಮಾಮೀಟರ್ ತಂದಿದ್ದೇನೆ. ಅದರಿಂದ ರೇಡಿಯೇಟರ್ ಪರೀಕ್ಷಿಸುವುದು ಹೇಗೆ?

ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದನ್ನು ಹಿಡಿದರೆ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಎರಡೂ ಟ್ಯಾಂಕುಗಳ ಮೇಲೆ, ಹೋಸ್ ಬಾಯಿಗಳ ಪಕ್ಕದಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ, ಆ ಚೂರಿನ ಮೇಲೇ ಅಳೆಯಿರಿ. ಥರ್ಮೋಸ್ಟಾಟ್ ತೆರೆದು ಫ್ಯಾನ್ ತಿರುಗುತ್ತಿರುವಾಗ ಒಳಬರುವ ಮತ್ತು ಹೊರಹೋಗುವ ಬಾಯಿಗಳ ಅಂತರ ನೋಡಿ. ಇಂಜಿನ್ ಕಾಯುತ್ತಿದ್ದು ಅಂತರ ತೀರಾ ಕಡಿಮೆಯಿದ್ದರೆ ಕೂಲಂಟ್ ಹರಿಯುತ್ತಿದೆ, ಆದರೆ ಗಾಳಿ ಬಿಸಿಯನ್ನು ಒಯ್ಯುತ್ತಿಲ್ಲ. ಅಂತರ ತುಂಬಾ ದೊಡ್ಡದಾಗಿದ್ದರೆ ಗಾಳಿ ಸರಿಯಿದೆ, ಕೂಲಂಟ್ ನಿಧಾನವಾಗಿ ಹರಿಯುತ್ತಿದೆ. ಕೋರ್ ಮೇಲೆ ಸಾಲು ಸಾಲಾಗಿ ಸಾಗುವಾಗ ನಡುವೆ ಒಂದು ಪಟ್ಟಿ ಮಾತ್ರ ತಣ್ಣಗೆ ಸಿಕ್ಕರೆ ಅಲ್ಲಿನ ಕೊಳವೆಗಳು ಮುಚ್ಚಿವೆ. ಇಷ್ಟು ತಿಳಿದರೆ ಅರ್ಧ ಊಹೆಗಳು ಕಡಿಮೆಯಾಗುತ್ತವೆ.

ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಸ್ವಲ್ಪ ಕಾಲದಲ್ಲೇ ಸೂಜಿಮೊನೆಯಂಥ ತೂತು ಬಿದ್ದು ಸೋರುತ್ತಿದೆ. ಮಾಲು ಕಳಪೆಯೇ?

ಇರಬಹುದು, ಆದರೆ ಇನ್ನೊಂದು ಹಾಕುವ ಮುನ್ನ ಕೂಲಂಟಿನಲ್ಲಿ ವಿದ್ಯುತ್ ಹರಿಯುತ್ತಿದೆಯೇ ಎಂದು ನೋಡಿ. ಫ್ಯಾನ್ ಅಥವಾ ಇಂಜಿನ್ನಿನ ಅರ್ತ್ ತಂತಿ ಸಡಿಲವಾಗಿದ್ದರೆ ಕರೆಂಟ್ ಬ್ಯಾಟರಿಗೆ ಮರಳಲು ಕೂಲಂಟಿನ ದಾರಿ ಹಿಡಿಯುತ್ತದೆ, ಹೋಗುತ್ತ ಅಲ್ಯೂಮಿನಿಯಂ ಕರಗಿಸುತ್ತದೆ.

ಇಂಜಿನ್ ತಣ್ಣಗಿರುವಾಗ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ತಂತಿಯ ತುದಿಯನ್ನು ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ ಅದ್ದಿ. ಆಮೇಲೆ ಇಂಜಿನ್ ಚಾಲೂ ಮಾಡಿಸಿ ಲೈಟ್, ಫ್ಯಾನ್, ಬ್ಲೋವರ್ ಒಂದೊಂದಾಗಿ ಹಾಕಿಸಿ. 0.1 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 0.3ರ ಹತ್ತಿರ ಹೋದರೆ ಅಲ್ಯೂಮಿನಿಯಂ ಉಳಿಯದು. ಯಾವ ಸ್ವಿಚ್ ಹಾಕಿದಾಗ ಅಂಕಿ ಏರಿತೋ ಅದರ ಅರ್ತ್ ಸರಿಪಡಿಸಿ. ಬ್ಯಾಟರಿ ಪೂರ್ತಿ ಕಳಚಿ, ಕಪ್ಪು ತಂತಿಯನ್ನು ಇಂಜಿನ್ ಲೋಹಕ್ಕೆ ಹಿಡಿದಾಗಲೂ ವೋಲ್ಟೇಜ್ ಉಳಿದರೆ ಕೂಲಂಟಿನ ರಾಸಾಯನಿಕ ಸತ್ವ ಮುಗಿದಿದೆ, ಅದನ್ನು ಬದಲಿಸಿ. ಫ್ಯಾನಿನ ಅರ್ತ್ ತಂತಿಯನ್ನು ರೇಡಿಯೇಟರ್ ಬ್ರಾಕೆಟ್ಟಿಗೆ ಎಂದೂ ಕಟ್ಟಬೇಡಿ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ಎಷ್ಟು ನಂಬಬಹುದು?

ಅಪಾಯ ಹೇಳುವಷ್ಟರ ಮಟ್ಟಿಗೆ ಮಾತ್ರ. ಹಲವು ಕಾರುಗಳಲ್ಲಿ ಬಿಸಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಮುಳ್ಳು ನಟ್ಟನಡುವೆ ಕದಲದೆ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲುಗಿತು ಎಂದರೆ ಆಗಲೇ ತಡವಾಗಿರುತ್ತದೆ. ರೇಡಿಯೇಟರ್ ಬದಲಿಸಿದ ಮೇಲಿನ ಮೊದಲ ಕೆಲವು ವಾರ ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಹಾಕಿಕೊಂಡು ನಿಜವಾದ ಡಿಗ್ರಿ ನೋಡುತ್ತಿರಿ. ಇನ್ನೊಂದು ಸೂಕ್ಷ್ಮ: ಬಿಸಿಯೇರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನಪಡಬೇಡಿ. ಕೂಲಂಟ್ ಪೂರ್ತಿ ಸೋರಿ ಸೆನ್ಸರ್ ಒಣಗಿ ನಿಂತಾಗಲೂ ಹೀಗಾಗುತ್ತದೆ. ತಕ್ಷಣ ಇಂಜಿನ್ ಆರಿಸಿ.

ಎಲ್ಲ ಸರಿಯಾಗಿದೆ, ಆದರೆ ರಾತ್ರಿ ತಣ್ಣಗಾದಾಗ ಮೇಲಿನ ಹೋಸ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತದೆ.

ಕ್ಯಾಪ್‌ನಲ್ಲಿ ಎರಡು ವಾಲ್ವ್‌ಗಳಿವೆ. ದೊಡ್ಡದು ಒತ್ತಡ ಹೆಚ್ಚಾದಾಗ ಹೊರಬಿಡುತ್ತದೆ, ನಡುವಿನ ಚಿಕ್ಕದು ತಣ್ಣಗಾಗುವಾಗ, ಹೊರಬಿದ್ದ ಕೂಲಂಟ್ ಸೇರುವ ಬಾಟಲಿಯಿಂದ ಅದನ್ನು ಹಿಂದಕ್ಕೆ ಬಿಡುತ್ತದೆ. ಆ ಚಿಕ್ಕದು ಅಂಟಿಕೊಂಡಿದೆ, ಅಥವಾ ಬಾಟಲಿಗೆ ಹೋಗುವ ಸಪೂರ ಪೈಪ್ ಮಡಚಿದೆ. ಕ್ಯಾಪನ್ನು ತಿರುವಿ ಹಿಡಿದು ನಡುವಿನ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಡಿ, ಮರಳಿ ಟಕ್ಕನೆ ಕೂರಬೇಕು. ಕೂರದಿದ್ದರೆ ಹೊಸ ಕ್ಯಾಪ್ ಹಾಕಿ.